ಪ್ರಗತಿಯ ನುಡಿ

ಪರಭಾಷೆಯನ್ನು ಕಲಿಯಹೊರಟವರಿಗೆ ಮೊದಲು ಎದುರಾಗುವುದು ಕಾವ್ಯವಲ್ಲ, ನಿತ್ಯದ ಮಾತು. ವಿದ್ಯಾರ್ಥಿಗೆ ನಿತ್ಯದ ಮಾತೆಂದರೆ ಶಾಲೆಯ ಮಾತೇ. ಯಾವ ತರಗತಿ? ಯಾವ ವಿಷಯ ಪ್ರಿಯ? ಎಷ್ಟು ಅಂಕ ಬಂದಿವೆ? ಈ ಸಣ್ಣ ಪ್ರಶ್ನೆಗಳಿಗೆ ಫ್ರೆಂಚ್ ಭಾಷೆಯಲ್ಲಿ ಉತ್ತರಿಸಲು ಕಲಿಯುವಾಗ ಆ ನಾಡಿನ ಶಾಲೆಯ ಬಾಗಿಲು ತೆರೆಯುತ್ತದೆ.

ಫ್ರಾನ್ಸಿನ ಹದಿನಾಲ್ಕು ವರ್ಷದ ಬಾಲಕನು ‘ಜ ಸ್ವಿ ಆಂ ತ್ರುವಾಜ್ಯೆಮ್’ ಎನ್ನುತ್ತಾನೆ. ‘ನಾನು ಮೂರನೆಯದರಲ್ಲಿದ್ದೇನೆ’ ಎಂದು ಇದರ ಅರ್ಥ. ಅವನು ಹಿಂದುಳಿದವನೆಂದು ಯಾರೂ ಮರುಗಬೇಕಾಗಿಲ್ಲ. ಅಲ್ಲಿ ಹನ್ನೊಂದನೆಯ ವಯಸ್ಸಿಗೆ ‘ಆರನೆಯ’ ತರಗತಿ. ಮುಂದೆ ಐದು, ನಾಲ್ಕು, ಮೂರು ಎಂದು ಎಣಿಕೆ ಇಳಿಯುತ್ತದೆ. ಒಂದನೆಯದಾದ ಮೇಲೆ ಬರುವ ‘ತೆರ್ಮಿನಾಲ್’ ಕಡೆಯದು. ಅವನ ಮೂರನೆಯದು ಕರ್ನಾಟಕದ ಒಂಬತ್ತನೆಯ ತರಗತಿಗೆ ಸಮಾನ.

ಪರೀಕ್ಷೆಯ ವಿಷಯದಲ್ಲಿ ಇನ್ನೊಂದು ಎಡವು ಉಂಟು. ‘ಪಾಸೇ’ ಎಂಬ ಕ್ರಿಯಾಪದವನ್ನು ಕೇಳಿದೊಡನೆ ಇಂಗ್ಲಿಷ್ ಬಲ್ಲವರು ಅಭಿನಂದಿಸಲು ಕೈ ನೀಡಿಯಾರು. ಪರೀಕ್ಷೆಗೆ ಕುಳಿತೆ ಎಂಬುದಷ್ಟೇ ಅದರ ಅರ್ಥ. ಉತ್ತೀರ್ಣನಾದೆನೆನ್ನಲು ‘ರೇಯುಸೀರ್’ ಎಂಬ ಬೇರೆ ಪದವಿದೆ. 1808ರಲ್ಲಿ ನೆಪೋಲಿಯನ್ನನ ಕಾಲದಲ್ಲಿ ರೂಪುಗೊಂಡ ‘ಬಾಕಲೋರೆಯಾ’ ಅಲ್ಲಿನ ಶಾಲಾಶಿಕ್ಷಣದ ಅಂತಿಮ ಪರೀಕ್ಷೆ. ಅದರಲ್ಲಿ ಸರಾಸರಿ 20ಕ್ಕೆ 10 ಬಂದರೆ ತೇರ್ಗಡೆ. 12 ಬಂದರೆ ‘ಆಸೇ ಬ್ಯಾಂ’, ಅಂದರೆ ತಕ್ಕಮಟ್ಟಿಗೆ ಚೆನ್ನು. 16 ಬಂದರೆ ‘ತ್ರೆ ಬ್ಯಾಂ’, ಬಹಳ ಚೆನ್ನು.

ಅಂಕಗಳಿಗಿಂತ ಆಳಕ್ಕೆ ಇಳಿಯುವುದು ಮಾತು. ಗಣಿತದಲ್ಲಿ ಸೋತ ಹುಡುಗ ‘ಜ ಸ್ವಿ ನ್ಯೂಲ್ ಆಂ ಮಾತ್’ ಎನ್ನುವುದುಂಟು. ‘ಗಣಿತದಲ್ಲಿ ನಾನು ಶೂನ್ಯ’ ಎಂಬ ಈ ನುಡಿಯಲ್ಲಿ ಉತ್ತರಪತ್ರಿಕೆಯ ಸೊನ್ನೆ ಬರೆದವನನ್ನೇ ನುಂಗಿಬಿಡುತ್ತದೆ. ಅದೇ ಭಾಷೆಯಲ್ಲಿ ‘ಜೆ ದ್ಯು ಮಾಲ್ ಆಂ ಮಾತ್’ ಎಂದೂ ಹೇಳಬಹುದು: ಗಣಿತ ನನಗೆ ಕಷ್ಟವಾಗುತ್ತಿದೆ. ಇಲ್ಲಿ ಕಷ್ಟವಿರುವುದು ಪಾಠದಲ್ಲಿ. ಹುಡುಗ ಇನ್ನೂ ಇಡಿಯಾಗಿಯೇ ಉಳಿದಿದ್ದಾನೆ. ಅಂಥವನ ಪ್ರಗತಿಪತ್ರದಲ್ಲಿ ಉಪಾಧ್ಯಾಯರು ಅನೇಕ ವೇಳೆ ‘ಪೊ ಮ್ಯೊ ಫೇರ್’ ಎಂದು ಬರೆಯುತ್ತಾರೆ: ಇನ್ನೂ ಚೆನ್ನಾಗಿ ಮಾಡಬಲ್ಲ. ಆ ಮಾತು ಮೊದಲು ಚುಚ್ಚುತ್ತದೆ, ಆಮೇಲೆ ಎಬ್ಬಿಸುತ್ತದೆ. ಎದ್ದವನು ಒಂದು ದಿನ ‘ಜ ಫೆ ದೆ ಪ್ರೋಗ್ರೆ’ ಎನ್ನುತ್ತಾನೆ. ಫ್ರೆಂಚರ ನುಡಿಯಲ್ಲಿ ಪ್ರಗತಿಯು ತಾನಾಗಿ ಒದಗುವುದಲ್ಲ, ಕೈಯಾರೆ ‘ಮಾಡುವಂಥದು’.

ಕನ್ನಡಿಗನು ಇದೇ ಸಂಕಟವನ್ನು ‘ನನಗೆ ಗಣಿತ ಬರುವುದಿಲ್ಲ’ ಎಂದು ತೋಡಿಕೊಳ್ಳುತ್ತಾನೆ. ಈ ನುಡಿಯಲ್ಲಿ ವಿದ್ಯೆಯು ಎಲ್ಲಿಂದಲೋ ನಡೆದು ಬರಬೇಕಾದ ಅತಿಥಿ. ಇಂದು ಬಾರದ ಅತಿಥಿ ನಾಳೆ ಬರಬಹುದು. ಆದರೆ ದಾರಿ ಸವೆಸಿ, ದೀಪ ಹಚ್ಚಿಟ್ಟು ಕಾಯುವ ಕೆಲಸ ಮನೆಯವನದು. ಹೊರನಾಡಿನ ನಾಲ್ಕು ವಾಕ್ಯಗಳನ್ನು ಕಲಿತವನಿಗೆ ತನ್ನ ಮನೆಮಾತಿನ ಈ ಭರವಸೆಯೂ ಹೊಸದಾಗಿ ಕೇಳಿಸುತ್ತದೆ.