ಗಳಿಕೆಯ ಐದು ಪಾಲು

ಹೊರನಾಡಿನಲ್ಲಿ ನಾಲ್ಕು ಜನ ಕನ್ನಡಿಗರು ಕಲೆತರೆ ಊರಿನ ಮಳೆ, ಅಡಿಕೆಯ ಧಾರಣೆ, ಮಕ್ಕಳ ಓದು ಎಲ್ಲವೂ ಮಾತಿಗೆ ಬರುತ್ತವೆ. ಹಣದ ಮಾತು ಮಾತ್ರ ಬರುವುದಿಲ್ಲ. ಬಂದರೂ ದನಿ ತಗ್ಗಿಸಿ ಆಡುತ್ತೇವೆ. ಊರು ಬಿಟ್ಟದ್ದು ಯಾಕೆಂದು ಯಾರಾದರೂ ಕೇಳಿದರೆ "ಉದ್ಯೋಗ ನಿಮಿತ್ತ" ಎನ್ನುತ್ತೇವೆಯೇ ಹೊರತು, "ನಾಲ್ಕು ಕಾಸು ಸಂಪಾದಿಸಲಿಕ್ಕೆ" ಎಂದು ನೇರವಾಗಿ ಹೇಳುವವರು ಕಡಿಮೆ. ದುಡ್ಡೇ ದೊಡ್ಡಪ್ಪ ಎಂಬ ಗಾದೆಯೂ ನಮ್ಮದೇ, ಹಣ ಕಂಡರೆ ಹೆಣವೂ ಬಾಯಿ ಬಿಡುತ್ತದೆ ಎಂಬ ಗಾದೆಯೂ ನಮ್ಮದೇ. ಈ ಎರಡರ ನಡುವೆ ಸಿಕ್ಕಿಕೊಂಡ ಸಂಸಾರಸ್ಥನಿಗೆ ಹಣ ಬೇಕು, ಆದರೆ ಬೇಕೆನ್ನಲು ನಾಚಿಕೆ.

ಈ ಸಂಕೋಚ ಬಿಟ್ಟು ಯೋಚಿಸಬೇಕಾದ ಸಂದರ್ಭ ನನಗೆ ಇತ್ತೀಚೆಗೆ ಬಂತು. ಪುತ್ತೂರು ಕಡೆಯಿಂದ ಎರ್ನಾಕುಳಂಗೆ ಬಂದು, ಮೂವತ್ತಾರು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದೆ. ಪ್ರಾವಿಡೆಂಟ್ ಫಂಡ್, ಗ್ರಾಚ್ಯುಟಿ ಎಲ್ಲ ಸೇರಿ ಒಂದು ಮೊತ್ತ ಕೈಗೆ ಬಂತು. ನಮ್ಮಂಥ ಸಂಬಳದಾರರಿಗೆ ಇಷ್ಟು ಹಣ ಒಟ್ಟಿಗೆ ಕಣ್ಣಿಗೆ ಬೀಳುವುದು ಬಾಳಿನಲ್ಲಿ ಒಂದೇ ಸಲ. ಹಣ ಬಂದ ಸುದ್ದಿ ಮಾತ್ರ ನನಗಿಂತ ಮೊದಲೇ ಊರು ತಲುಪಿತ್ತು! ಬೆಂಗಳೂರಿನಲ್ಲಿರುವ ಮಗನಿಗೆ ಫ್ಲಾಟಿನ ಮುಂಗಡಕ್ಕೆ ಬೇಕು. ತಮ್ಮನಿಗೆ ತರವಾಡು ಮನೆಯ ಮಾಡು ರಿಪೇರಿಯಾಗಬೇಕು. ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯವರು ರಶೀದಿ ಪುಸ್ತಕ ಹಿಡಿದೇ ಫೋನು ಮಾಡಿದರು. ಆರು ತಿಂಗಳಲ್ಲಿ ಇಮ್ಮಡಿ ಮಾಡಿಕೊಡುತ್ತೇನೆಂದು ಒಬ್ಬ ಏಜೆಂಟರೂ ಎರಡು ಸಲ ಮನೆಗೆ ಬಂದು ಚಹ ಕುಡಿದು ಹೋದರು.

ಹಿರಿಯರು ಇದಕ್ಕೆ ಏನು ಹೇಳಿದ್ದಾರೆಂದು ನೋಡಬೇಕೆನಿಸಿತು. ನಾನೇನೂ ಸಂಸ್ಕೃತ ಪಂಡಿತನಲ್ಲ. ಬಿಡುವು ಸಿಕ್ಕಿದ್ದರಿಂದ ಕನ್ನಡ ಅನುವಾದಗಳನ್ನು ಓದಿದೆ, ತಿಳಿದವರನ್ನು ಕೇಳಿದೆ.

ಮೊದಲು ತಿಳಿದದ್ದು ಇಷ್ಟು: ಹಣ ಗಳಿಸುವುದು ಪಾಪವೆಂದು ನಮ್ಮವರು ಹೇಳಿಲ್ಲ. ನಾಲ್ಕು ಪುರುಷಾರ್ಥಗಳಲ್ಲಿ ಅರ್ಥವೂ ಒಂದು. ತೈತ್ತಿರೀಯ ಉಪನಿಷತ್ತಿನಲ್ಲಿ ಓದು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಗುರುಗಳು ಸತ್ಯ, ಧರ್ಮಗಳ ಜೊತೆಗೆ ಏಳಿಗೆಯ ವಿಷಯದಲ್ಲೂ ಅಲಕ್ಷ್ಯ ಮಾಡಬೇಡವೆಂದು ಬುದ್ಧಿ ಹೇಳುತ್ತಾರೆ. ಕೌಟಿಲ್ಯನಂತೂ ಧರ್ಮಕ್ಕೂ ಕಾಮಕ್ಕೂ ಅರ್ಥವೇ ಬುಡವೆನ್ನುತ್ತಾನೆ. ಆದರೆ ಮೂರರಲ್ಲಿ ಯಾವುದೇ ಒಂದು ಅತಿಯಾದರೆ ಅದು ತಾನೂ ಕೆಟ್ಟು ಉಳಿದೆರಡನ್ನೂ ಕೆಡಿಸುತ್ತದೆಂದು ಎಚ್ಚರಿಸುವವನೂ ಅವನೇ. ಸದಾ ನಕ್ಷತ್ರ ಕೇಳುತ್ತ ಕೂರುವವನ ಕೈಗೆ ಹಣ ದಕ್ಕದೆಂದು ಹೇಳಿದ ಆತ, ಸರ್ಕಾರಿ ನೌಕರರು ಹಣ ನುಂಗುವ ನಲವತ್ತು ದಾರಿಗಳನ್ನು ಪಟ್ಟಿ ಮಾಡಿಟ್ಟಿದ್ದಾನೆ. ಗಳಿಸು ಎಂದವನೇ ಲೆಕ್ಕವನ್ನೂ ಕೇಳುತ್ತಾನೆ ಎಂಬುದು ಗಮನಿಸಬೇಕಾದ ಮಾತು.

ಈ ಅರ್ಥಶಾಸ್ತ್ರ ನಮ್ಮ ಕೈಗೆ ಮರಳಿ ಬಂದದ್ದು ಮೈಸೂರಿನಿಂದ. ಹಾಸನ ಜಿಲ್ಲೆಯ ರುದ್ರಪಟ್ಟಣದವರಾದ ಆರ್. ಶಾಮಾಶಾಸ್ತ್ರಿಗಳು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಅದರ ತಾಳೆಗರಿ ಪ್ರತಿಯನ್ನು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದರು. ಮುಂದೆ 1924–25ರಲ್ಲಿ ಟಿ. ಗಣಪತಿಶಾಸ್ತ್ರಿಗಳು ತಮ್ಮದೇ ವ್ಯಾಖ್ಯಾನದೊಡನೆ ಅದೇ ಗ್ರಂಥವನ್ನು ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಹೊರತಂದರು. ನಾವು ಬಿಟ್ಟುಬಂದ ನಾಡೂ ಈಗ ಬಾಳುತ್ತಿರುವ ನಾಡೂ ಒಂದೇ ಹೊತ್ತಗೆಯನ್ನು ಕಾಪಾಡಿಕೊಟ್ಟಿವೆ ಎಂಬುದು ನನಗೆ ಸಂತೋಷ ಕೊಟ್ಟ ಸಂಗತಿ.

ಆದರೆ ನನಗೆ ಬೇಕಾಗಿದ್ದ ಸೂತ್ರ ಸಿಕ್ಕಿದ್ದು ಭಾಗವತದ ಬಲಿಯ ಕಥೆಯಲ್ಲಿ. ಇದಕ್ಕೆ ನಾನು ದೂರ ಹೋಗಬೇಕಾಗಿರಲಿಲ್ಲ. ಕೊಚ್ಚಿಯಲ್ಲೇ, ಇಡಪ್ಪಳ್ಳಿ ದಾಟಿದರೆ ತೃಕ್ಕಾಕ್ಕರದ ವಾಮನಮೂರ್ತಿ ದೇವಸ್ಥಾನ. ವಾಮನನು ಬಲಿಯನ್ನು ತುಳಿದದ್ದು ಇಲ್ಲೇ ಎಂದು ಮಲಯಾಳಿಗಳ ನಂಬಿಕೆ. ಚಿಂಗ ಮಾಸದ ತಿರುವೋಣದಂದು ಬಲಿ ತನ್ನ ಪ್ರಜೆಗಳನ್ನು ನೋಡಲು ಬರುತ್ತಾನೆ. "ಕಾಣಂ ವಿಟ್ಟುಂ ಓಣಂ ಉಣ್ಣಣಂ", ಭೂಮಿ ಮಾರಿಯಾದರೂ ಓಣಂ ಊಟ ಉಣ್ಣಬೇಕೆಂದು ಇಲ್ಲಿಯ ಗಾದೆ. ನಮ್ಮ ತುಳುನಾಡಿನಲ್ಲಿ ಅದೇ ಬಲಿಯೇಂದ್ರನನ್ನು ದೀಪಾವಳಿಯಲ್ಲಿ ಗದ್ದೆಗೆ ದೀಪವಿಟ್ಟು ಕೂಗಿ ಕರೆಯುತ್ತೇವೆ. ಒಬ್ಬನೇ ಅರಸನಿಗೆ ವರ್ಷಕ್ಕೆ ಎರಡು ನಾಡುಗಳಿಂದ ಕರೆ!

ವಾಮನ ಮೂರು ಹೆಜ್ಜೆ ಭೂಮಿ ಕೇಳಿದಾಗ ಗುರು ಶುಕ್ರಾಚಾರ್ಯರು ಬಲಿಯನ್ನು ತಡೆಯುತ್ತಾರೆ. ಶುಕ್ರಾಚಾರ್ಯರೆಂದರೆ ನಮಗೆ ನೆನಪಾಗುವುದು ಗಿಂಡಿಯ ಬಾಯಿಗೆ ಅಡ್ಡ ಕೂತು ಕಣ್ಣು ಕಳೆದುಕೊಂಡ ಜನಪದ ಕಥೆ. ಆದರೆ ಭಾಗವತದಲ್ಲಿ ಅವರು ಹೇಳುವ ಬುದ್ಧಿವಾದ ಸಂಸಾರಸ್ಥರೆಲ್ಲ ಕೇಳಬೇಕಾದದ್ದು. ತನ್ನ ಜೀವನಕ್ಕೇ ಕುತ್ತು ತರುವ ದಾನವನ್ನು ತಿಳಿದವರು ಹೊಗಳುವುದಿಲ್ಲ ಎನ್ನುತ್ತಾರೆ. ಗಳಿಸಿದ್ದನ್ನು ಧರ್ಮಕ್ಕೆ, ಯಶಸ್ಸಿಗೆ, ಮತ್ತೆ ಅರ್ಥದ ಬೆಳವಣಿಗೆಗೆ, ತನ್ನ ಸುಖಕ್ಕೆ, ತನ್ನ ಜನಕ್ಕೆ ಎಂದು ಐದು ಪಾಲು ಮಾಡುವವನು ಇಲ್ಲೂ ಅಲ್ಲೂ ಸುಖವಾಗಿರುತ್ತಾನೆಂದು ಹೇಳುತ್ತಾರೆ. ಐದೂ ಸಮ ಪಾಲಾಗಿರಬೇಕೆಂದು ಅವರು ಹೇಳಿಲ್ಲ. ಎಷ್ಟೆಷ್ಟು ಎಂಬುದು ಆಯಾ ಮನೆಯವರಿಗೆ ಬಿಟ್ಟದ್ದು.

ಹಾಗಾದರೆ ಬಲಿ ಗುರುವಿನ ಮಾತು ಮೀರಿದನಲ್ಲ, ಅವನನ್ನೇ ಎರಡು ನಾಡಿನವರು ಕೊಂಡಾಡುತ್ತಾರಲ್ಲ ಎಂದು ಕೇಳಬಹುದು. ಗುರುಗಳು ಲೆಕ್ಕ ಹೇಳಿದ್ದು ಬಲಿ ಮಾತು ಕೊಟ್ಟ ಮೇಲೆ. ಆಡಿದ ಮಾತಿಗೆ ತಪ್ಪಲಾರೆನೆಂದು ಅವನು ನಿಂತ. ಲೆಕ್ಕ ಮಾಡಬೇಕಾದದ್ದು ಮಾತು ಕೊಡುವುದಕ್ಕೆ ಮೊದಲು, ಕೊಟ್ಟ ಮೇಲೆ ಲೆಕ್ಕವಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಅದಕ್ಕೇ ಮಗನಿಗಾಗಲಿ, ತಮ್ಮನಿಗಾಗಲಿ, ಸಮಿತಿಯವರಿಗಾಗಲಿ ಒಂದು ತಿಂಗಳು "ಹೂಂ" ಎನ್ನಲಿಲ್ಲ.

ಆ ತಿಂಗಳಲ್ಲೇ ತಿರುವನಂತಪುರಕ್ಕೆ ಹೋಗಿ ಅನಂತಪದ್ಮನಾಭನ ದರ್ಶನ ಮಾಡಿ ಬಂದೆವು. ಆತ ನಮಗೆ ಪರಕೀಯನಲ್ಲ. ಕುಂಬಳೆ ಹತ್ತಿರದ ಅನಂತಪುರವೇ ಆತನ ಮೂಲಸ್ಥಾನವೆಂದು ನಂಬಿಕೆ. ಪೂಜೆಯ ನಂಬಿಗಳೂ ಚಂದ್ರಗಿರಿ ಹೊಳೆಯ ಆಚೆ ಈಚೆಯ ಮನೆತನಗಳವರು. 1750ರ ಜನವರಿಯಲ್ಲಿ ಮಾರ್ತಾಂಡವರ್ಮ ಮಹಾರಾಜ ತಾನು ಕಟ್ಟಿದ ರಾಜ್ಯವನ್ನು ಈ ದೇವರಿಗೆ ಅರ್ಪಿಸಿ, ತಾನು ಪದ್ಮನಾಭದಾಸನಾಗಿ ಆಳಿದ. ಈ ಮನೆತನದ ಅರಸರು ದರ್ಶನ ಮುಗಿಸಿ ಹೊರಡುವಾಗ, ದೇವರ ಸ್ವತ್ತು ಒಂದು ಕಣವೂ ತಮ್ಮೊಡನೆ ಬಾರದಿರಲೆಂದು ಪಾದಕ್ಕೆ ಅಂಟಿದ ಮಣ್ಣನ್ನು ಕೊಡವಿ ಹೋಗುತ್ತಿದ್ದರೆಂದು ಅಲ್ಲಿಯವರು ಹೇಳುತ್ತಾರೆ.

2011ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ ಅಲ್ಲಿಯ ನೆಲಮಾಳಿಗೆಗಳನ್ನು ತೆರೆದದ್ದು ನಿಮಗೆಲ್ಲ ನೆನಪಿರಬಹುದು. ಪತ್ರಿಕೆಗಳು ಲಕ್ಷ ಕೋಟಿ ರೂಪಾಯಿಯ ಅಂದಾಜು ಬರೆದವು. ಬಿ ಎಂಬ ಕಲ್ಲರೆಯೊಂದನ್ನು ತೆರೆಯದೆ ಬಿಟ್ಟರು. 2020ರ ಜುಲೈ 13ರಂದು ಸುಪ್ರೀಂ ಕೋರ್ಟು ರಾಜಮನೆತನದ ಸೇವಾ ಹಕ್ಕನ್ನು ಎತ್ತಿಹಿಡಿದು, ಆಡಳಿತವನ್ನು ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಒಪ್ಪಿಸಿತು.

ಇದೆಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಮುಂದಿನ ವರ್ಷದ ಒಂದು ಸುದ್ದಿ. 2021ರ ಸೆಪ್ಟೆಂಬರ್‌ನಲ್ಲಿ ಅದೇ ಸಮಿತಿ ಕೋರ್ಟಿನ ಮುಂದೆ ಹೇಳಿದ್ದು: ದೇವಸ್ಥಾನದ ತಿಂಗಳ ಖರ್ಚು 1.25 ಕೋಟಿ ರೂಪಾಯಿ, ಬರುತ್ತಿರುವುದು 60–70 ಲಕ್ಷ. ಕೊರೋನಾ ಕಾಲ, ಭಕ್ತರ ಬರವು ಕಡಿಮೆ, ಕಾಣಿಕೆ ಕಡಿಮೆ. ಕೆಳಗೆ ನೆಲಮಾಳಿಗೆಯಲ್ಲಿ ಆ ಭಂಡಾರ, ಮೇಲೆ ತಿಂಗಳ ಖರ್ಚಿಗೆ ಪರದಾಟ! ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದೆಂದು ನಮ್ಮಜ್ಜಿ ಹೇಳುತ್ತಿದ್ದುದು ನೆನಪಾಯಿತು. ದೇವರ ಒಡವೆಯನ್ನು ಮಾರಿ ಉಣ್ಣುವಂತಿಲ್ಲ, ಅದು ಸರಿಯೇ. ಆದರೆ ನಿಂತ ಹಣ ಬೇರೆ, ಹರಿಯುವ ಹಣ ಬೇರೆ. ಮನೆ ನಡೆಯುವುದು ಹರಿಯುವ ಹಣದಿಂದ. ಅದೇ ತಿಂಗಳು ದೇವಸ್ಥಾನಕ್ಕೆ ಸೇರಿದ ಟ್ರಸ್ಟಿಗೂ ಲೆಕ್ಕ ಪರಿಶೋಧನೆ ತಪ್ಪದೆಂದು ಕೋರ್ಟು ಹೇಳಿತು. ದೇವರ ಹಣಕ್ಕೇ ಲೆಕ್ಕ ಬೇಕಾದರೆ ನಮ್ಮದಕ್ಕೆ ಬೇಡವೆ?

ಹರಿಯುವ ಹಣದ ಮರ್ಮವನ್ನು ನಮ್ಮ ದಕ್ಷಿಣ ಕನ್ನಡದವರಿಗೆ ಯಾರೂ ಕಲಿಸಬೇಕಾಗಿಲ್ಲ. ಉಡುಪಿಯ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಸಂಗ್ರಹಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಆದರೆ ಎರಡಾಣೆಯ ಪಾಠ ಹಳತಾಗಿಲ್ಲ. ಆರು ತಿಂಗಳಲ್ಲಿ ಇಮ್ಮಡಿ ಎಂದ ಏಜೆಂಟರಿಗೆ ನಾನು ಮೂರನೆಯ ಚಹ ಕೊಡಲಿಲ್ಲ.

ಕೊನೆಗೆ ಒಂದು ಭಾನುವಾರ ಮಗನನ್ನೂ ತಮ್ಮನನ್ನೂ ಕರೆಸಿ, ರೂಪಾಯಿಗೆ ಹದಿನಾರಾಣೆಯ ಹಳೇ ಲೆಕ್ಕದಲ್ಲಿ ಕಾಗದದ ಮೇಲೆ ಬರೆದೆ. ಎಂಟಾಣೆ ಅರ್ಥಕ್ಕೆ, ಎಂದರೆ ಬ್ಯಾಂಕು ಮತ್ತು ಅಂಚೆ ಕಚೇರಿಯ ಠೇವಣಿಗೆ. ಅದರ ಬಡ್ಡಿಯೇ ನಮ್ಮ ಅನ್ನ. ನಾಲ್ಕಾಣೆ ಸ್ವಜನಕ್ಕೆ, ಅದರಲ್ಲಿ ಮಗನ ಫ್ಲಾಟು, ತರವಾಡು ಮನೆಯ ಮಾಡು ಎರಡೂ. ಎರಡಾಣೆ ನಮ್ಮಿಬ್ಬರ ಸುಖಕ್ಕೆ. ಒಂದಾಣೆ ಧರ್ಮಕ್ಕೆ. ಉಳಿದ ಒಂದಾಣೆ ಯಶಸ್ಸಿಗೆ. ಯಶಸ್ಸೆಂದರೆ ಅಮೃತಶಿಲೆಯ ಫಲಕದಲ್ಲಿ ಹೆಸರು ಕೆತ್ತಿಸುವುದಲ್ಲ, ನಾಲ್ಕು ಜನಕ್ಕೆ ಉಪಯೋಗವಾಗುವುದು. ಅದನ್ನು ನಾನು ಓದಿದ ಊರ ಶಾಲೆಯ ಪುಸ್ತಕಗಳಿಗೆ ಇಟ್ಟೆ.

"ಇದು ಯಾವ ಕಾಲದ ಲೆಕ್ಕ ಅಪ್ಪಾ?" ಎಂದ ಮಗ. ಅವನಿಗೆ ಕಡಿಮೆಯಾಯಿತೆಂಬುದು ಮುಖದಲ್ಲೇ ಕಾಣುತ್ತಿತ್ತು. ತಮ್ಮ ಏನೂ ಹೇಳಲಿಲ್ಲ, ಅದೂ ಒಂದು ಮಾತೇ. ಆಗ ಒಳಗಿನಿಂದ ಕೈ ಒರೆಸುತ್ತ ಬಂದ ನನ್ನ ಹೆಂಡತಿ ಕಾಗದವನ್ನು ಎರಡು ಸಲ ಓದಿದಳು. "ಎಲ್ಲ ಸರಿ ಮಾರಾಯರೆ, ಈ ಐದು ಪಾಲಿನಲ್ಲಿ ನಾನು ಎಲ್ಲಿದ್ದೇನೆ? ಸ್ವಜನದಲ್ಲೊ, ನಿಮ್ಮ ಸುಖದಲ್ಲೊ?" ಎಂದು ಕೇಳಿದಳು. ಯಾರೂ ಉತ್ತರ ಹೇಳಲಿಲ್ಲ. ಅವಳೇ ಮುಂದುವರಿಸಿದಳು: "ಸಂಬಳ ನೀವು ತಂದದ್ದು ಹೌದು. ಅದನ್ನು ತಿಂಗಳ ಕೊನೆಯವರೆಗೆ ಎಳೆದು, ಇಬ್ಬರು ಮಕ್ಕಳನ್ನು ಓದಿಸಿ ಉಳಿಸಿದ್ದು ಯಾರು? ಪಾಲು ಹಂಚುವ ಮೊದಲು ಗಳಿಸಿದವರು ಎಷ್ಟು ಜನ ಎಂದು ಬರೆಯಬೇಡವೆ?"

ಶುಕ್ರಾಚಾರ್ಯರ ಸೂತ್ರದಲ್ಲಿ ಈ ಪ್ರಶ್ನೆಗೆ ಜಾಗವಿಲ್ಲ. ಆದರೆ ಪ್ರಶ್ನೆ ನ್ಯಾಯವಾದದ್ದು. ಕಾಗದದ ಮೇಲ್ಗಡೆ ಇಬ್ಬರ ಹೆಸರನ್ನೂ ಬರೆದೆವು. ಎಂಟಾಣೆಯ ಠೇವಣಿ ಇಬ್ಬರ ಹೆಸರಿನಲ್ಲಿ, ಅವಳ ಹೆಸರು ಮೊದಲು. ಅದನ್ನು ನೋಡಿದ ಮೇಲೆ ಮಗನೂ ಹೆಚ್ಚು ವಾದಿಸಲಿಲ್ಲ. ಎರಡಾಣೆ ಏನಾಗಬೇಕೆಂಬುದನ್ನೂ ಅವಳಿಗೇ ಬಿಟ್ಟೆ. ಮೂವತ್ತಾರು ವರ್ಷ ರಜೆ ಸಿಕ್ಕಾಗಲೆಲ್ಲ ಊರಿಗೇ ಹೋಗಿ ಬಂದವಳು, ಕರ್ನಾಟಕದವಳಾಗಿಯೂ ಹಂಪಿ, ಬಾದಾಮಿ ನೋಡಿರಲಿಲ್ಲ. ಬರುವ ಮಾರ್ಗಶಿರದಲ್ಲಿ ಹೊರಡುವುದೆಂದಾಗಿದೆ.

ನಮ್ಮ ಸಂಘದ ಬಂಧುಗಳಲ್ಲಿ ಎಷ್ಟೋ ಮಂದಿ ಇಂದೋ ನಾಳೆಯೋ ನಿವೃತ್ತರಾಗುವವರಿದ್ದೀರಿ. ನನ್ನ ಹದಿನಾರಾಣೆಯ ಲೆಕ್ಕವೇ ನಿಮಗೂ ಸರಿಹೊಂದಬೇಕೆಂದಿಲ್ಲ. ಸಾಲ ಇರುವವರಿಗೆ, ಮಗಳ ಮದುವೆ ಇರುವವರಿಗೆ, ಮನೆಯಲ್ಲಿ ಕಾಯಿಲೆ ಇರುವವರಿಗೆ ಪಾಲು ಬೇರೆಯಾಗುತ್ತದೆ. ಆದರೆ ಪಾಲು ಬರೆದಿಡುವುದು ಹಣ ಬರುವ ಮೊದಲೇ ಆಗಲಿ; ಬರೆಯುವಾಗ ಮನೆಯಾಕೆ ಅಡಿಗೆಮನೆಯಲ್ಲಿರದೆ ನಿಮ್ಮ ಪಕ್ಕದಲ್ಲಿ ಕೂತಿರಲಿ.