ಪ್ರವಾಸದ ಪೆಟ್ಟಿಗೆ

ಪೆಟ್ಟಿಗೆ ಚೀಲಗಳಂಥ ಕ್ಷುದ್ರ ವಸ್ತುವನ್ನು ಕುರಿತು ಸಾಹಿತ್ಯದ ಮಾಸಪತ್ರಿಕೆಯಲ್ಲಿ ಬರೆಯುವುದುಂಟೆ ಎಂದು ವಾಚಕರು ಹುಬ್ಬೇರಿಸಬಾರದು. ಪಾಣಿನಿಮಹರ್ಷಿಯೇ ಇದನ್ನು ಕಡೆಗಣಿಸಲಿಲ್ಲ. ಸಂಸ್ಕೃತದಲ್ಲಿ ತೊಗಲಿನ ಚೀಲಕ್ಕೆ ಭಸ್ತ್ರಾ ಎಂದು ಹೆಸರು. ಅದರಲ್ಲಿ ಸಾಮಾನನ್ನು ಒಯ್ಯುವವನು ಭಸ್ತ್ರಿಕನು ಎಂಬ ರೂಪಕ್ಕೆ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸೂತ್ರವೇ ಇದೆ. ಪಾಠಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡಿದ್ದ ನಾನು ಶಾಲೆಯ ಚಾಕರಿಯಿಂದ ನಿವೃತ್ತನಾದ ಮೇಲೆ ಸ್ವತಃ ಭಸ್ತ್ರಿಕನಾದೆನು.

ನನ್ನ ಹೆಂಡತಿಗೆ ಹೊಟ್ಟೆಯ ಬೇನೆ ಹತ್ತಿ, ಎರಡು ವರುಷ ಬೇಡಕಿಹಾಳದಿಂದ ಮಿರಜೆಗೆ ತಿಂಗಳಿಗೊಮ್ಮೆ, ಕೆಲವು ಸಲ ಎರಡು ಸಲ, ಹೋಗಬೇಕಾಯಿತು. ಡಾಕ್ಟರ್ ವಾನ್ಲೆಸ್ ಅವರು 1894ರಲ್ಲಿ ಆಸ್ಪತ್ರೆ ತೆರೆದಂದಿನಿಂದ ಔಷಧೋಪಚಾರಕ್ಕೆ ಮಿರಜೆಯೇ ನಮ್ಮ ಗಡಿಭಾಗದವರ ಆಶ್ರಯವಾಗಿದೆ. ಮೋಟಾರು ಬದಲಿಸುವುದು, ಹಾಸಿಗೆ ಅರಿವೆ ಹೊರುವುದು, ರೋಗಿಯ ಕೈ ಹಿಡಿಯುವುದು, ಇವೆಲ್ಲ ಒಬ್ಬನ ಪಾಲಿಗೆ. ಆದಕಾರಣ ಪೇಟೆಯ ಒಂದು ಅಂಗಡಿಯಲ್ಲಿ ಥಳಥಳಿಸುವ ಗಾಲಿಯ ಪೆಟ್ಟಿಗೆಯನ್ನು ಕೊಂಡೆನು.

ಆಷಾಢದ ಮಳೆಯಲ್ಲಿ ಅದರ ಒಂದು ಗಾಲಿ ಕಲ್ಲಿಗೆ ತಾಗಿ ಮುರಿಯಿತು. ಎತ್ತಿ ಹಿಡಿಯುವಷ್ಟರಲ್ಲಿ ಜಿಪ್ಪು ಬಿಚ್ಚಿತು. ಬೇರೆ ಊರಿನಲ್ಲಿ ಮಾಡಿಸಿದ್ದ ಪರೀಕ್ಷೆಯ ಕಾಗದಗಳೆಲ್ಲ ಕೆಸರುನೀರಿನಲ್ಲಿ ಬಿದ್ದವು. ಪರೀಕ್ಷೆಗಳನ್ನು ಮತ್ತೆ ಮಾಡಿಸಬೇಕಾಗಿ ಶಸ್ತ್ರಕ್ರಿಯೆ ಎಂಟು ದಿವಸ ಮುಂದೆ ಹೋಯಿತು. ಆ ಎಂಟು ರಾತ್ರಿ ಅವಳ ನರಳಿಕೆಯನ್ನು ಕೇಳುತ್ತ ಕುಳಿತ ನನಗೆ, ಪೆಟ್ಟಿಗೆಯ ಆಯ್ಕೆಯೂ ಧರ್ಮದ ವಿಷಯವೆಂದು ತಿಳಿಯಿತು.

ತಪ್ಪು ಗಾಲಿಯದಲ್ಲ, ನನ್ನದು. ಗಾಲಿಯ ಪೆಟ್ಟಿಗೆಗೆ 1972ರಲ್ಲಿ ಹಕ್ಕುಪತ್ರ ಪಡೆದ ಬರ್ನಾರ್ಡ ಸ್ಯಾಡೋ ಎಂಬ ಅಮೇರಿಕೆಯವನಿಗೆ ಅದು ಹೊಳೆದದ್ದು ವಿಮಾನ ನಿಲ್ದಾಣದಲ್ಲಿ. ಕನ್ನಡಿಯಂಥ ನೆಲದ ಮೇಲೆ ಹುಟ್ಟಿದ್ದನ್ನು ಕಬ್ಬಿನ ಗಾಡಿಗಳು ಅಗೆದ ಹಾದಿಯಲ್ಲಿ ಎಳೆದವನು ನಾನು.

ಹಾಗಾದರೆ ತಂದೆಯವರ ತಗಡಿನ ಟ್ರಂಕೇ ಲೇಸೆ? ಎಪ್ಪತ್ತರ ದಶಕದಲ್ಲಿ ಮಿರಜೆಯಲ್ಲಿ ಕಿರಿಯ ಹಳಿ ಮುಗಿದು ಹಿರಿಯ ಹಳಿ ಮೊದಲಾಗುತ್ತಿದ್ದಿತು. ಪುಣೆಗೆ ಹೋಗುವವರು ಗಾಡಿ ಬದಲಿಸಲೇಬೇಕು. ಆ ಟ್ರಂಕನ್ನು ಹೊತ್ತ ತಂದೆಯವರ ಕುತ್ತಿಗೆಯ ನರಗಳು ಉಬ್ಬುತ್ತಿದ್ದುದು ಇಂದಿಗೂ ನನ್ನ ಕಣ್ಣ ಮುಂದಿದೆ. ಟ್ರಂಕು ಇನ್ನೂ ಅಟ್ಟದ ಮೇಲಿದೆ, ಹೊತ್ತವರು ಇಲ್ಲ. ವಸ್ತು ಬಾಳಿ ಮನುಷ್ಯ ಸವೆದರೆ ಅದು ಎಂಥ ಬಾಳಿಕೆ?

ಬಾಳಿಕೆಯೆಂದರೆ ಮುರಿಯದಿರುವುದಲ್ಲ, ಮುರಿದಾಗ ನಮ್ಮೂರಿನಲ್ಲೇ ರಿಪೇರಿಯಾಗುವುದು ಎಂಬ ನಿರ್ಣಯಕ್ಕೆ ಬಂದೆನು. ನಮ್ಮ ಸೀಮೆಯಲ್ಲಿ ಅದಕ್ಕೆ ಕೊರತೆಯೇ? ಅಥಣಿ ನಿಪ್ಪಾಣಿಗಳ ಚರ್ಮಕಾರರು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನಲ್ಲಿ ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಕರ್ನಾಟಕ ಮಹಾರಾಷ್ಟ್ರಗಳೆರಡಕ್ಕೂ ಸೇರಿ ಭೌಗೋಳಿಕ ಗುರುತು ದೊರೆತಿದೆ. ಅಂಥ ಒಬ್ಬ ಮುದುಕರಲ್ಲಿ ಹೋಗಿ ದಪ್ಪ ಕ್ಯಾನ್ವಾಸಿನ ಚೀಲವನ್ನು ಹೊಲಿಸಿದೆನು. ಅಡಿಗೂ ನಾಲ್ಕು ಮೂಲೆಗೂ ತೊಗಲು. ಜಿಪ್ಪಿಗೆ ಬದಲು ಎರಡು ಹಿತ್ತಾಳೆಯ ಕೊಂಡಿ. ಹಿಡಿಕೆಯ ಪಟ್ಟಿ ಬರಿಯ ಬಾಯಂಚಿಗೆ ಅಂಟದೆ ಚೀಲದ ತಳವನ್ನು ಸುತ್ತಿ ಬಂದುದರಿಂದ ಭಾರವೆಲ್ಲ ಹೊಲಿಗೆಯ ಮೇಲೆ ಬೀಳದು. ಕಾಗದಗಳಿಗೆ ಒಳಗೆ ಮೇಣಗಪ್ಪಡದ ಬೇರೆ ಜೇಬು.

ಗಾಲಿ ಬೇಕೇಬೇಕೆನ್ನುವವರಿಗೆ ನನ್ನ ಅನುಭವದ ಮಾತು ಇಷ್ಟು: ನಾಲ್ಕು ಚಿಕ್ಕ ಗಾಲಿಗಳಿಗಿಂತ ಪೆಟ್ಟಿಗೆಯೊಳಗೆ ಅರ್ಧ ಹುದುಗಿದ ಎರಡು ದೊಡ್ಡ ಗಾಲಿಗಳು ಮೇಲು. ಅವು ತಿರುಪಿನಿಂದ ಕೂಡಿಸಿದವಿರಲಿ, ಆಗ ಮುರಿದರೂ ಬದಲಿಸಬಹುದು. ಕೊಳ್ಳುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದೇ ಕೈಯಿಂದ ಎತ್ತಿ ನೋಡಿರಿ. ಖಾಲಿ ಇದ್ದಾಗಲೇ ಭಾರವಾದುದು ತುಂಬಿದಾಗ ಶತ್ರುವಾಗುತ್ತದೆ.

ಆ ಚೀಲಕ್ಕೆ ಈಗ ನಾಲ್ಕು ವರುಷ. ಒಂದು ಸಲ ಮೂಲೆ ಸವೆದು ಮತ್ತೆ ಹೊಲಿಸಿದ್ದೇನೆ. ನನ್ನ ಹೆಂಡತಿ ಆರೋಗ್ಯದಿಂದಿದ್ದಾಳೆ. ವರುಷಕ್ಕೊಮ್ಮೆ ಮಿರಜೆಗೆ ತೋರಿಸಿಕೊಂಡು ಬಂದರೆ ಸಾಕಾಗಿದೆ. ಮೊನ್ನೆ ಹೊರಟಾಗ ಚೀಲದ ಹೊಲಿಗೆಯ ಮೇಲೆ ಕೈಯಾಡಿಸಿ, "ಇದಕ್ಕೂ ನನ್ನ ಹಾಗೆ ಹೊಲಿಗೆ ಬಿದ್ದಿದೆ" ಎಂದಳು. ನಾನು ಉತ್ತರ ಕೊಡಲಿಲ್ಲ. ಒಂದು ಪಟ್ಟಿಯನ್ನು ನಾನು ಹಿಡಿದೆನು, ಬೇಡವೆಂದರೂ ಇನ್ನೊಂದನ್ನು ಅವಳು ಹಿಡಿದಳು.