ಯಾವ ಸದ್ದು ಕಾಡುತ್ತದೆ?

ಜೋರು ಸದ್ದು ಕೇಳಿದರೆ ನನಗೆ ಎದೆ ಡವಗುಟ್ಟುತ್ತದೆ, ಕೈ ಬೆವರುತ್ತದೆ. ಬೋಧನಾಭ್ಯಾಸಕ್ಕೆಂದು ನಾಯ್ಸ್ ಕ್ಯಾನ್ಸೆಲಿಂಗ್ ಹೆಡ್‌ಫೋನ್ ಕೊಳ್ಳಲು ರೂ. 2,000 ಕೂಡಿಟ್ಟಿದ್ದೆ. ಅದು ಹೊರಗಿನ ಸದ್ದನ್ನು ಮೈಕಿನಿಂದ ಗ್ರಹಿಸಿ, ವಿರುದ್ಧ ತರಂಗ ಹೊರಡಿಸುತ್ತದೆ. ಬಸ್ಸಿನ ಎಂಜಿನ್, ಫ್ಯಾನಿನಂಥ ಒಂದೇ ಸಮನಾದ ಸದ್ದಿಗೆ ಒಳ್ಳೆಯದು. ಗಂಟೆ, ಬೆಂಚು ಎಳೆಯುವ ಕರ್ಕಶ ಸದ್ದು, ಮಕ್ಕಳ ಕೂಗಿಗೆ ಅಷ್ಟಾಗಿ ಅಲ್ಲ. ನನ್ನನ್ನು ಕಾಡುವುದು ಇವೇ.

ಹಾಗಾಗಿ ಕಾರ್ಖಾನೆ ಕೆಲಸಗಾರರು ಹಾಕುವ, ಬ್ಯಾಟರಿ ಬೇಡದ ಇಯರ್‌ಮಫ್ ಆರಿಸಿದೆ. ರೂ. 500ರೊಳಗೆ ಸಿಕ್ಕಿತು. ಮೆತ್ತೆ ಕಿವಿಯನ್ನು ಪೂರ್ತಿ ಮುಚ್ಚುವುದೇ, ಪಟ್ಟಿ ತಲೆಯನ್ನು ಒತ್ತುವುದೇ ಎಂದು ಹಾಕಿ ನೋಡಿದೆ.

ಮಾರ್ಗದರ್ಶಕ ಶಿಕ್ಷಕರಿಗೆ ಮೊದಲೇ ತಿಳಿಸಿದ್ದೆ. ಪಾಠದ ವೇಳೆ ತೆಗೆದಿಡುತ್ತೇನೆ; ಮಕ್ಕಳ ಉತ್ತರ ಕೇಳಬೇಕಲ್ಲ. ಬಿಡುವಿನಲ್ಲಿ 10 ನಿಮಿಷ ಹಾಕಿಕೊಂಡರೆ ಮುಂದಿನ ಅವಧಿಗೆ ಸಿದ್ಧಳಾಗುತ್ತೇನೆ.

ತರಗತಿಯಲ್ಲಿ ಕಿವಿ ಮುಚ್ಚಿ ಕೂತ ಮಗುವಿಗೆ ‘ಕೈ ತೆಗಿ’ ಎನ್ನುವ ಮೊದಲು, ಯಾವ ಸದ್ದು ಕಾಡುತ್ತಿದೆ ಎಂದು ಕೇಳೋಣ.